ಅತ್ತಿಗೆಯ ಎಡ ಹಿಮ್ಮಡಿ

ನಮ್ಮ ಅತ್ತಿಗೆಯ ಎಡಗಾಲಿನ ಹಿಮ್ಮಡಿ ಎಳೆಗೂಸಿನ ಹಿಮ್ಮಡಿಯಂತೆ ಮೆತ್ತಗಿತ್ತು. ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಬಲಗಾಲಿನದು ಮಾತ್ರ ಕಲ್ಯಾಣದುರ್ಗದ ಎಲ್ಲ ಹೆಂಗಸರ ಹಿಮ್ಮಡಿಯ ಹಾಗೆ, ಬೇಸಿಗೆಯ ಕೆರೆಯಂಗಳದಂತೆ ಸೀಳು ಬಿಟ್ಟಿತ್ತು. ಒಂದೇ ಮೈಗೆ ಸೇರಿ, ಒಂದೇ ಮನೆಯ ಕಡಪ ಕಲ್ಲಿನ ನೆಲದ ಮೇಲೆ ಅಷ್ಟು ವರ್ಷ ಓಡಾಡಿದ ಎರಡು ಹಿಮ್ಮಡಿಗಳಿಗೆ ಹೀಗೆ ಬೇರೆ ಬೇರೆ ಗತಿ ಏಕೆ ಬಂತು ಎಂಬುದು ಗಂಭೀರವಾದ ಪ್ರಶ್ನೆ. ಉತ್ತರ ಮಾತ್ರ ಸರಳ. ಎಡ ಹಿಮ್ಮಡಿ ಆ ನೆಲವನ್ನು ಒಮ್ಮೆಯೂ ಮುಟ್ಟಲಿಲ್ಲ.

ಅತ್ತಿಗೆ ಹಿಂದೂಪುರದವರು. ಬೆಲ್ಲದ ಮಂಡಿಯ ಹತ್ತಿರ ಅವರ ತಂದೆಗೆ ಒಂದು ಕಿರಾಣಿ ಅಂಗಡಿ ಇತ್ತು. ಹುಟ್ಟಿನಿಂದಲೇ ಅವರ ಎಡಗಾಲು ಬಲಗಾಲಿಗಿಂತ ಒಂದು ಬೆರಳಿನ ಅಗಲದಷ್ಟು ಗಿಡ್ಡ. ಬರಿಗಾಲಲ್ಲಿದ್ದಾಗ ಎಡಗಾಲಿನ ತುದಿಯ ಮೇಲೆ ನಿಂತು, ಹಿಮ್ಮಡಿಯನ್ನು ಅಷ್ಟೇ ಅಷ್ಟು ಎತ್ತಿ, ಸೀರೆಯ ಅಂಚನ್ನು ಅದರ ಮೇಲೆ ಇಳಿಬಿಟ್ಟರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಇದನ್ನು ಅವರಿಗೆ ಕಲಿಸಿದವರು ಅವರ ತಾಯಿ. ಗಂಡು ನೋಡಲು ಬರುವ ವಯಸ್ಸಿಗೆ ಅದು ಕಲಿತದ್ದೋ ಹುಟ್ಟಿದ್ದೋ ಎಂದು ಗೊತ್ತಾಗದಷ್ಟು ಕೈವಶ, ಅಲ್ಲ, ಕಾಲುವಶ ಆಗಿತ್ತು.

ಹೊರಗೆ ಹೋಗುವಾಗ ಹೀಲ್ಸ್. ಎತ್ತರ ಕಾಣಲೆಂದು ಹೆಂಗಸರು ಹೀಲ್ಸ್ ಹಾಕುತ್ತಾರೆ ಎಂದು ಲೋಕ ತಿಳಿದಿದೆ. ನಮ್ಮ ಅತ್ತಿಗೆ ಹಾಕಿದ್ದು ಸಮ ಕಾಣಲೆಂದು. ಚಪ್ಪಟೆ ಚಪ್ಪಲಿಯಲ್ಲಿ ಕತ್ತರಿಸಲು ಏನಿದೆ? ಹೀಲ್ಸಾದರೆ ಬಲಗಾಲಿನದನ್ನು ಒಂದು ಬೆರಳಷ್ಟು ಕೊಯ್ದು, ತುದಿಗೆ ಹೊಸ ರಬ್ಬರು ಹೊಡೆದರೆ ಎರಡು ಕಾಲೂ ಒಂದೇ ಸಮ. ಹಿಂದೂಪುರದ ಒಬ್ಬ ರಿಪೇರಿಯವನು ಇದನ್ನು ಏಕೆ ಏನು ಎಂದು ಕೇಳದೆ ಮಾಡಿಕೊಡುತ್ತಿದ್ದ. ಕಲ್ಯಾಣದುರ್ಗದಲ್ಲಿ ಮಾಡಿಸುವಂತಿರಲಿಲ್ಲ. ನಮ್ಮೂರಿನಲ್ಲಿ ಏಕೆ ಏನು ಎಂದು ಕೇಳದೆ ಯಾರೂ ಟೀ ಕೂಡ ಕೊಡುವುದಿಲ್ಲ.

ಅಣ್ಣನಿಗೆ ಹೆಣ್ಣು ನೋಡಲು ಹೋದ ದಿನ ನಾನೂ ಜೊತೆಯಲ್ಲಿದ್ದೆ. ಹೆಣ್ಣನ್ನು ನಡೆಸಿ ನೋಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ನಮ್ಮ ಅವ್ವ ಅದಕ್ಕೆ ತನ್ನದೇ ಒಂದು ಪರೀಕ್ಷೆ ಸೇರಿಸಿದ್ದಳು. ಅಡುಗೆಮನೆಯಿಂದ ಕಂಠಮಟ್ಟ ತುಂಬಿದ ಚೊಂಬು ನೀರು ತರಬೇಕು. ಹೆಣ್ಣು ತಂದಿತು. ಒಂದು ತೊಟ್ಟು ಚೆಲ್ಲಲಿಲ್ಲ. ಅವ್ವ ನೀರು ಕುಡಿದು, ಬಾಯಿ ಒರೆಸಿಕೊಂಡು, "ನಡೆ ಚೆನ್ನಾಗೈತೆ" ಎಂದಳು.

ಆ ಮಾತು ಅತ್ತಿಗೆಗೆ ಜೀವಾವಧಿ ಶಿಕ್ಷೆಯಾಯಿತು. ಅವ್ವ ಯಾರನ್ನೂ ಹೊಗಳುವ ಹೆಂಗಸಲ್ಲ. ಅಂಥವಳು ಒಮ್ಮೆ ಹೊಗಳಿದ ಮೇಲೆ ಅದನ್ನು ಊರಿಗೆಲ್ಲ ಹಂಚದೆ ಬಿಡುತ್ತಾಳೆಯೇ? ಮದುವೆಗೆ ಮುಂಚೆಯೇ ನಮ್ಮ ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ, ಕುಂದುರ್ಪಿ ಬಸ್ಸಿನಲ್ಲಿ ಸುದ್ದಿಯಾಗಿತ್ತು: "ನಮ್ ಸೊಸೆ ನಡೆದ್ರೆ ಚೊಂಬಿನ್ ನೀರು ಅಲ್ಲಾಡಲ್ಲ ಕಣಮ್ಮ!" ಹೆಣ್ಣು ಮನೆತುಂಬುವ ಹೊತ್ತಿಗೆ ಬೀದಿಯ ಹೆಂಗಸರು ಮುಖ ನೋಡಲಿಲ್ಲ, ಒಡವೆ ನೋಡಲಿಲ್ಲ, ನಡೆ ನೋಡಲು ನಿಂತಿದ್ದರು.

ಅಲ್ಲಿಂದ ಮುಂದೆ ಅತ್ತಿಗೆ ಒಂದು ಹೆಜ್ಜೆಯನ್ನೂ ಸುಮ್ಮನೆ ಇಡಲಿಲ್ಲ.

ನಮ್ಮ ಮನೆ ಅಂಥ ದೊಡ್ಡದೇನಲ್ಲ: ಒಂದು ನಡುಮನೆ, ಎರಡು ಕೋಣೆ, ಹಿಂದೆ ಬಚ್ಚಲು. ಆದರೆ ಕದ್ದು ಕುಂಟಲು ಒಂದು ಮೂಲೆಯೂ ಅದರಲ್ಲಿರಲಿಲ್ಲ. ಅವ್ವ ನಡುಮನೆಯ ಕಂಬಕ್ಕೆ ಒರಗಿ ಕುಳಿತರೆ ಅಲ್ಲಿಂದ ಎಲ್ಲ ಬಾಗಿಲೂ ಕಾಣುತ್ತಿದ್ದವು. ಹೊರಗೆ ಹೋದರೆ ಇನ್ನೊಂದು ಕಷ್ಟ. ಗುಡಿಗೆ ಹೋದರೆ ಚಪ್ಪಲಿ ಬಿಡಬೇಕು, ಬಿಸಿ ಬಂಡೆಯ ಮೇಲೆ ತುದಿಗಾಲಲ್ಲಿ ಪ್ರದಕ್ಷಿಣೆ ಹಾಕಬೇಕು, ಅದೂ ನೂರು ಕಣ್ಣುಗಳ ಎದುರು. ಆದ್ದರಿಂದ ಅತ್ತಿಗೆ ಬೀದಿಯಲ್ಲೇ ನಿಂತು ಗೋಪುರಕ್ಕೆ ಕೈಮುಗಿದು ಬರುತ್ತಿದ್ದರು. ಒಂದು ಬೆರಳಿನ ಕೊರತೆಯಿಂದಾಗಿ ಊರಿನವರ ಲೆಕ್ಕದಲ್ಲಿ ಅವರು ಮೊದಲು ಜಂಬದವರಾದರು, ಆಮೇಲೆ ನಾಸ್ತಿಕರಾದರು. "ಹಿಂದೂಪುರದ ಹೀಲ್ಸಮ್ಮ" ಎಂಬ ಬಿರುದೂ ಬಂತು. ಗುಟ್ಟು ತಿಳಿದ ಮೇಲೆ ಒಮ್ಮೆ ನಾನೇ ಕೇಳಿದೆ, ಬೇಜಾರಾಗುವುದಿಲ್ಲವೇ ಎಂದು.

"ಜಂಬದೋಳು ಅಂದ್ರೆ ಅನ್ಲಿ ಬಿಡಿ ಮರಿದಿಗಾರೂ," ಎಂದರು. "ಕುಂಟಿ ಅನ್ನೋಕ್ಕಿಂತ ಎರಡು ಅಕ್ಸರ ಜಾಸ್ತಿನೇ ಐತಲ್ಲ."

ಮರಿದಿ ಎಂದರೆ ತೆಲುಗಿನಲ್ಲಿ ಮೈದುನ. 'ಗಾರು' ಎಂಬ ಗೌರವವನ್ನು ಅವರು ನನಗೆ ಸೇರಿಸುತ್ತಿದ್ದದ್ದು ಗೌರವದಿಂದಲೇ ಎಂದು ನಾನು ಬಹಳ ದಿನ ನಂಬಿದ್ದೆ.

ಗುಟ್ಟು ನನಗೆ ಗೊತ್ತಾದದ್ದು ಅವರ ತಂದೆ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಚಪ್ಪಲಿಯ ಕೆಲಸವನ್ನು ತಂದೆಯೇ ಮಾಡಿಸಿ ಕಳಿಸುತ್ತಿದ್ದರು. ನಾನು ಕಡಲೆಕಾಯಿ ಮಂಡಿಯಲ್ಲಿ ಗುಮಾಸ್ತ. ಮಂಡಿಯ ಕೆಲಸಕ್ಕೆ ಆಗಾಗ ಹಿಂದೂಪುರಕ್ಕೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, ಚಪ್ಪಲಿಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಎತ್ತರ, ಒಂದು ತಗ್ಗು. ಎಡಗಾಲಿನ ರಬ್ಬರು ಸವೆದು ಮೊಳೆಯ ತಲೆ ಕಾಣುತ್ತಿತ್ತು.

"ಗಿಡ್ಡ ಕಾಲಿನ ಮ್ಯಾಲೆ ಮೈ ಭಾರ ಜಾಸ್ತಿ ಬೀಳ್ತೈತೆ," ಎಂದರು. "ಎಷ್ಟು ಹುಷಾರಾಗಿ ಇಟ್ರೂ ಅದೇ ಮೊದ್ಲು ಸವೆಯೋದು. ಮೊಳೆ ಕಲ್ಲಿಗೆ ಬಡಿದ್ರೆ ಟಣ್ ಅಂತೈತೆ. ಬಲಗಾಲು ಟಕ್, ಎಡಗಾಲು ಟಣ್. ಅತ್ತೆ ಕಿವಿ ಗೊತ್ತಲ್ಲ ನಿಮ್ಗೆ?"

ಅವ್ವನ ಕಿವಿ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಚಪ್ಪಲಿಗಳನ್ನು ಕಡಲೆಬೀಜದ ಸ್ಯಾಂಪಲ್ಲಿನ ಚೀಲದಲ್ಲಿ ಅಡಗಿಸಿಕೊಂಡು ಬಸ್ಸು ಹತ್ತಿದೆ. ಪಾವಗಡದ ಮೇಲೆ ಹೋಗುವ ಬಸ್ಸು ಅದು. ಕರ್ನಾಟಕಕ್ಕೆ ನುಗ್ಗಿ ಮತ್ತೆ ಆಂಧ್ರಕ್ಕೆ ಬರುತ್ತದೆ. ಒಂದು ಬೆರಳಿನ ಗುಟ್ಟನ್ನು ಕಾಪಾಡಲು ಎರಡು ರಾಜ್ಯಗಳ ಗಡಿಯನ್ನು ಅಷ್ಟು ವರ್ಷ ದಾಟಿದ ಗುಮಾಸ್ತ ಇನ್ನೊಬ್ಬನಿರಲಾರ. ಒಂದು ಸಲ ಮಂಡಿಯ ಸಾಹುಕಾರರು ಬೀಜ ನೋಡಲು ಚೀಲಕ್ಕೆ ಕೈ ಹಾಕಿ ಕೆಂಪು ಪಟ್ಟಿಯ ಹೀಲ್ಸ್ ಎತ್ತಿದರು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಒಳಗಿಟ್ಟರು. ಅಂದಿನಿಂದ ನಾನು ಹಿಂದೂಪುರದಲ್ಲಿ ಯಾರನ್ನೋ ಇಟ್ಟುಕೊಂಡಿದ್ದೇನೆ ಎಂಬುದು ಮಂಡಿಯಲ್ಲಿ ಇತ್ಯರ್ಥವಾಯಿತು. ಅಲ್ಲ ಎನ್ನಲು ನನಗೆ ಬಾಯಿರಲಿಲ್ಲ. ನನ್ನ ಮದುವೆಯ ಮಾತುಗಳು ಒಂದೊಂದಾಗಿ ಮುರಿದುಬಿದ್ದದ್ದಕ್ಕೆ ಇದೂ ಒಂದು ಕಾರಣವಿರಬಹುದು. ನನ್ನ ಮುಖವೂ ಇರಬಹುದು.

ನಮ್ಮಣ್ಣನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮಣ್ಣ ಪತ್ರಿಕೆ ಓದುವ ಮನುಷ್ಯ. ಮನೆಯಲ್ಲಿ ಅವನ ಮುಖ ಕಂಡದ್ದಕ್ಕಿಂತ ಪತ್ರಿಕೆಯ ಹಿಂಬದಿ ಕಂಡದ್ದೇ ಹೆಚ್ಚು. ಅವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆಗೆ ಕಾಲಿಗಿಂತ ಹೆಚ್ಚು ನೋವು ಕೊಟ್ಟದ್ದು ಅವ್ವನ ಒರೆಸುಬಟ್ಟೆ. ಅತ್ತಿಗೆ ಸ್ನಾನ ಮುಗಿಸಿ ಬಚ್ಚಲಿಂದ ಹೊರಬಂದರೆ ಸಾಕು, ಅವ್ವ ಹಳೆಯ ಪಂಚೆಯ ತುಂಡು ಹಿಡಿದು ಅವರ ಹಿಂದೆಯೇ ನೆಲ ಒರೆಸುತ್ತ ಹೊರಡುತ್ತಿದ್ದಳು. "ಇವ್ಳು ನೀರ್ ಹುಯ್ಕಂಡ್ ಬಂದ್ರೆ ಮನೆಯೆಲ್ಲಾ ಕೆರೆ! ಯಾರಾದ್ರೂ ಜಾರಿ ಬೀಳ್ಲಿ ಅಂತಾನೇ ಮಾಡ್ತಾಳೆ!" ಎಂದು ಗೊಣಗುತ್ತಿದ್ದಳು. ನಾನು, ಅಣ್ಣ ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತ ಬಂದರೂ ಅವಳಿಗೆ ಚಿಂತೆಯಿರಲಿಲ್ಲ. ಸೊಸೆ ತುಳಿದ ನೆಲ ಮಾತ್ರ ಆಗಲೇ ಒರೆಸಬೇಕು. ಸೊಂಟ ಹಿಡಿದುಕೊಂಡಿದ್ದ ದಿನಗಳಲ್ಲಿಯೂ ಕುಳಿತಲ್ಲೇ ಜರುಗಿಕೊಂಡು ಒರೆಸುತ್ತಿದ್ದಳು.

"ನಾನ್ ತುಳಿದ ನೆಲಾನೂ ಆಗಲ್ಲ ಅವ್ರಿಗೆ," ಎಂದು ಅತ್ತಿಗೆ ಒಂದು ಸಲ ನನ್ನೆದುರು ಅತ್ತರು. "ಇನ್ನು ಕಾಲು ಹಿಂಗೈತೆ ಅಂತ ಗೊತ್ತಾದ್ರೆ ಈ ಮನೇಲಿ ಇಟ್ಕೊಂತಾರಾ?"

ಮಗಳು ಹುಟ್ಟಿ, ಬೆಳೆದು, ಓದಿ, ಕುಂದುರ್ಪಿಯ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗತೊಡಗಿದಳು. ಅತ್ತಿಗೆ ಇನ್ನೂ ತುದಿಗಾಲಲ್ಲೇ ಇದ್ದರು.

ಈ ನಡುವೆ ಕಾಲ ಬದಲಾಯಿತು. ನಮ್ಮೂರಿನ ಹುಡುಗಿಯರೂ ರಿಸೆಪ್ಷನ್ನಿಗೆ ಹೀಲ್ಸ್ ಹಾಕುವ ಕಾಲ ಬಂತು. ಹಾಕಿಕೊಳ್ಳುವುದು ಸುಲಭ, ಹಾಕಿಕೊಂಡು ವೇದಿಕೆ ಹತ್ತುವುದು ಬೇರೆ ವಿದ್ಯೆ. ಒಬ್ಬ ಮದುಮಗಳು ಮೆಟ್ಟಿಲಲ್ಲಿ ಮುಗ್ಗರಿಸಿ ವರನ ತಂದೆಯ ಮಡಿಲಿಗೆ ಬಿದ್ದ ಮೇಲೆ, ಬೀದಿಯ ತಾಯಂದಿರು ಹಳೆಯ ಅಸೂಯೆ ಮರೆತು ಹೀಲ್ಸಮ್ಮನ ಬಾಗಿಲಿಗೆ ಬಂದರು. ಅತ್ತಿಗೆ ನಮ್ಮ ಮಾಳಿಗೆಯ ಮೇಲೆ ಹುಡುಗಿಯರಿಗೆ ನಡೆ ಕಲಿಸತೊಡಗಿದರು.

ಮೊದಲು ನಡೆಯಲು ಹೇಳುತ್ತಿರಲಿಲ್ಲ. ಚಪ್ಪಲಿ ಬಿಚ್ಚಿಸಿ, ತಿರುವಿ, ಅಟ್ಟೆ ನೋಡುತ್ತಿದ್ದರು, ಜೋಯಿಸರು ಅಂಗೈ ನೋಡುವ ಹಾಗೆ.

"ಏನಮ್ಮಿ, ಮೂತಿ ಎಲ್ಲಾ ತರಚೈತೆ. ಕಾಲು ಎತ್ತಲ್ಲ ನೀನು, ಎಳೀತೀಯ. ಕಸ ಗುಡಿಸೋಕೆ ಹೊರಟಿದ್ದೀಯಾ?"

"ಅಯ್ಯೋ ಆಂಟಿ, ಹೊಸಾ ಚಪ್ಪಲಿ ಅದು!"

"ಅದ್ಕೇ ಹೇಳ್ತಿರೋದು. ಹಿಂದ್ಗಡೆ ಹೊರಮಗ್ಗುಲು ಒಸಿ ಸವೆದ್ರೆ ಅದು ನ್ಯಾಯ, ಎಲ್ಲಾರ್ದೂ ಅಂಗೇ. ಒಳಮಗ್ಗುಲು ಸವೆದ್ರೆ ಕಾಲು ಒಳಕ್ಕೆ ವಾಲ್ತೈತೆ ಅಂತ. ತಿರುಗೋವಾಗ ಹಿಮ್ಮಡಿ ಮ್ಯಾಲೆ ಗಿರ್ ಅಂತ ತಿರುಗ್ಬ್ಯಾಡ, ರಬ್ಬರು ಅರೆದು ಹೋಯ್ತೈತೆ. ಎರಡು ಸಣ್ಣ ಹೆಜ್ಜೆ ಇಟ್ಟು ತಿರುಗು. ಹಿಮ್ಮಡಿ ಕುಟ್ಬ್ಯಾಡ. ನೆಲ ಏನ್ ತಪ್ಪು ಮಾಡೈತೆ ನಿಂಗೆ? ಹಿಮ್ಮಡಿ, ಆಮ್ಯಾಕೆ ಬೆರಳು, ಹೆಚ್ಚುಕಮ್ಮಿ ಒಟ್ಟಿಗೇ ಇಳೀಬೇಕು. ಮೆಟ್ಲು ಹತ್ತೋವಾಗ ಮುಂಗಾಲು ಮಾತ್ರ."

"ಇದೆಲ್ಲಾ ನೆನಪಿಟ್ಕೊಂಡು ಯಾರ್ ನಡೀತಾರೆ ಆಂಟಿ?"

ಅತ್ತಿಗೆ ಆ ಪ್ರಶ್ನೆಗೆ ನಗುತ್ತಿದ್ದರು. ನಾನು ಪಕ್ಕದಲ್ಲಿ ಒಣಹಾಕಿದ ಹುಣಸೆಹಣ್ಣು ಕಾಯುತ್ತ ಕುಳಿತು ಆ ನಗುವನ್ನು ನೋಡುತ್ತಿದ್ದೆ. ಎಷ್ಟೋ ಹುಡುಗಿಯರು ಅವರ ಕೈಯಲ್ಲಿ ನಡೆ ಕಲಿತು, ವೇದಿಕೆ ಹತ್ತಿ, ಇಳಿದು, ಚಪ್ಪಲಿ ಬಿಸಾಡಿ, ಸುಖವಾಗಿ ಕಾಲೆಳೆದುಕೊಂಡು ಸಂಸಾರ ಮಾಡಿದರು. ಕಲಿಸಿದವರಿಗೆ ಮಾತ್ರ ಚಪ್ಪಲಿ ಬಿಸಾಡುವ ದಿನ ಬರಲಿಲ್ಲ.

ಕೊನೆಗೆ ನಮ್ಮ ಹುಡುಗಿಗೂ ಗಂಡು ಬಂತು. ಗಂಡಿನ ಕಡೆಯವರು, ವಿಧಿಯ ವಿನೋದ ನೋಡಿ, ಹಿಂದೂಪುರದವರು. ಹುಡುಗನನ್ನು ನಮ್ಮ ಹುಡುಗಿ ಮೊದಲೇ ಎಲ್ಲೋ ತರಬೇತಿಯಲ್ಲಿ ನೋಡಿದ್ದಳು, ಒಪ್ಪಿದ್ದಳು, ಅವನೂ ಒಪ್ಪಿದ್ದ. ಹಿರಿಯರು ಬಂದು ಉಪ್ಪಿಟ್ಟು ತಿಂದು ತಲೆಯಾಡಿಸುವುದೊಂದೇ ಬಾಕಿ. ಆ ಗಡಿಬಿಡಿಯಲ್ಲಿ ನಾನು ಹಿಂದೂಪುರಕ್ಕೆ ಹೋಗುವುದು ತಡವಾಗಿ, ಅತ್ತಿಗೆಯ ಎಡಗಾಲಿನ ರಬ್ಬರು ಮೊಳೆ ಕಾಣುವಷ್ಟು ಸವೆದಿತ್ತು. ಅತ್ತಿಗೆ ಯಾವಾಗಲೂ ಚಪ್ಪಲಿಗಳನ್ನು ಬಾಗಿಲ ಹೊರಗೆ ಒಂದರ ಮೇಲೊಂದು ಒರಗಿಸಿ ಬಿಡುತ್ತಿದ್ದರು, ಎತ್ತರ ತಗ್ಗು ತಿಳಿಯದ ಹಾಗೆ. ಅವತ್ತು ಬೆಳಿಗ್ಗೆ ಅಂಗಳ ಸಾರಿಸಲು ಬಂದ ಕೆಲಸದಾಕೆ, ಮನೆಗೆ ಬೀಗರು ಬರುತ್ತಾರೆಂಬ ಉತ್ಸಾಹದಲ್ಲಿ, ಎಲ್ಲರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿ ಹೋಗಿದ್ದಳು.

ಹುಡುಗನ ತಾಯಿ ಬಾಗಿಲಲ್ಲಿ ತಮ್ಮ ಚಪ್ಪಲಿ ಬಿಡುತ್ತ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಒಳಗೆ ಬಂದವರು ಮೊದಲು ಕುರ್ಚಿಗಳನ್ನು ಅಳೆದು, ಮಗನನ್ನು ಕಿಟಕಿಯ ಪಕ್ಕದ ಮೂಲೆಯಲ್ಲಿ ಕೂರಿಸಿದರು. ನಾವು ಫ್ಯಾನಿನ ಕೆಳಗೆ ಕೂರಲು ಹೇಳಿದರೂ ಕೇಳಲಿಲ್ಲ. ಉಪ್ಪಿಟ್ಟು ಆಯಿತು. ಕಾಫಿ ಲೋಟ ಕೈಗೆ ತೆಗೆದುಕೊಂಡು ಅವರು ಗಂಟಲು ಸರಿಮಾಡಿಕೊಂಡರು.

"ಏನೂ ಅನುಕೋಬ್ಯಾಡ್ರಿ. ಹುಡುಗಿ ಒಸಿ ನಡೆದು ತೋರಿಸ್ಲಿ."

ನಮ್ಮ ಹುಡುಗಿ ತಲೆಯೆತ್ತಿದಳು. "ಯಾಕೆ ಆಂಟಿ?"

"ಬಾಗಿಲಾಗೆ ನಿನ್ ಹೀಲ್ಸು ನೋಡ್ದೆ ಕಣಮ್ಮ. ಒಂದು ಎತ್ರ, ಒಂದು ತಗ್ಗು. ಎಡಗಾಲಿಂದು ಮೊಳೆ ಮಟ್ಟ ಸವೆದೋಗೈತೆ. ಕಾಲಾಗೆ ಏನಾರ ಇದ್ರೆ ಈಗ್ಲೇ ಹೇಳ್ಬಿಡಿ. ಆಮ್ಯಾಕೆ ಗೊತ್ತಾದ್ರೆ ಚೆಂದಾಗಿರಲ್ಲ."

ಅವರದು ತಪ್ಪೆಂದು ಹೇಳಲಾರೆ. ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯ ಬಾಗಿಲಲ್ಲಿ ಹೀಲ್ಸ್ ಇದ್ದರೆ, ಅದು ಐವತ್ತು ದಾಟಿದ ಅವಳ ತಾಯಿಯದು ಎಂದು ಯಾರು ತಾನೇ ಊಹಿಸುತ್ತಾರೆ?

ಹುಡುಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ನಾನು ಆ ಕ್ಷಣದಲ್ಲಿ ಸುತ್ತ ನೋಡಿದೆ. ಹೊರಗೆ ಹೋಗಲು ಒಂದು ದಾರಿಯೂ ಇರಲಿಲ್ಲ. ಅಮ್ಮನದು ಎಂದರೆ ಅಷ್ಟು ವರ್ಷ ಮುಚ್ಚಿಟ್ಟದ್ದು ಅವ್ವನ ಎದುರೇ ಬಯಲಾಗುತ್ತದೆ. ತಾಯಿಗಿದ್ದದ್ದು ಮಗಳಿಗೂ ಬರುತ್ತದೆ ಎಂದು ಇವರು ಎದ್ದು ಹೋಗುತ್ತಾರೆ. ಸುಮ್ಮನಿದ್ದರೆ ಹುಡುಗಿಯೇ ಕುಂಟಿ. ಎದ್ದು ನಡೆದರೆ ಚಪ್ಪಲಿ ಯಾರದು ಎಂಬ ಪ್ರಶ್ನೆ ಮತ್ತೆ ಅಲ್ಲೇ ನಿಲ್ಲುತ್ತದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಲೋಟಗಳ ತಟ್ಟೆ ಇತ್ತು.

ಆಗ ಕಂಬದ ಹತ್ತಿರದಿಂದ ಧ್ವನಿ ಬಂತು.

"ಅದು ನಂದು ಕಣಮ್ಮ."

ಎಲ್ಲರೂ ಅವ್ವನ ಕಡೆ ತಿರುಗಿದೆವು. ಎಂಬತ್ತು ದಾಟಿದವಳು. ಹುಟ್ಟಿದಾಗಿನಿಂದ ಕಾಲಿಗೆ ಹವಾಯಿ ಚಪ್ಪಲಿಯನ್ನೂ ಸೇರಿಸದವಳು. ಅವಳ ಪಾದಗಳು ಎರಡು ಮೊರಗಳ ಹಾಗೆ ಎಲ್ಲರ ಮುಂದೆ ಚಾಚಿಕೊಂಡಿದ್ದವು.

"ನಿಮ್ದಾ ಅವ್ವ?" ಎಂದರು ಹುಡುಗನ ತಾಯಿ. "ಹೀಲ್ಸಾ?"

"ಯಾಕೆ, ಮುದುಕೀಗೆ ಸೋಕಿ ಇರ್ಬಾರ್ದಾ? ಮಂಡಿ ನೋವು ನಂಗೆ, ಎಡಗಡೆ ಊರಿ ನಡೀತೀನಿ, ಸವೆದೈತೆ. ನಂಬಲ್ವಾ? ಹಾಕ್ಕಂಡು ತೋರಿಸ್ತೀನಿ ತಾಳು. ಲೇ, ಎದ್ದೋಗಿ ತಗಂಬಾರ್ಲಾ!"

ಕೊನೆಯ ಮಾತು ನನಗೆ. ನಾನು ಎದ್ದೆ. ಆ ಮನೆಯಲ್ಲಿ ಅವ್ವ ಹೇಳಿದ್ದನ್ನು ಮಾಡದೆ ಉಳಿದವರಿಲ್ಲ. ಉತ್ಸವಮೂರ್ತಿಯನ್ನು ಹೊತ್ತು ತರುವವನಂತೆ ಆ ಜೋಡಿಯನ್ನು ಎರಡು ಕೈಯಲ್ಲಿ ಹಿಡಿದು ನಡುಮನೆಗೆ ತಂದು ಅವ್ವನ ಪಾದದ ಬಳಿ ಇಟ್ಟೆ. ಅವ್ವ ನನ್ನ ಹೆಗಲು ಹಿಡಿದು ಎದ್ದಳು. ಬೆರಳುಗಳನ್ನು ಪಟ್ಟಿಯೊಳಗೆ ತುರುಕಿದಳು. ಮೊರ ಹೋಗುವ ಜಾಗವೇ ಅದು? ಎರಡು ಬೆರಳು ಹೋದವು, ಉಳಿದವು ಹೊರಗೇ ನಿಂತವು. ಅವಳು ಹಲ್ಲು ಕಚ್ಚಿ ಇನ್ನೊಂದು ಪಾದ ಎತ್ತಿದಳು. ಇಡೀ ಮುದುಕಿ ತೇರಿನಂತೆ ವಾಲಿತು.

ಅತ್ತಿಗೆ ತಟ್ಟೆ ಕೆಳಗಿಟ್ಟು ಬಂದು, ನೆಲದ ಮೇಲೆ ಕುಳಿತು, ಅವ್ವನ ಪಾದ ಹಿಡಿದುಕೊಂಡರು.

"ಬಿಡಿ ಅತ್ತೆ. ಬಿದ್ದೋಯ್ತೀರ." ಪಟ್ಟಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ತಲೆಯೆತ್ತದೆಯೇ, "ಚಪ್ಪಲಿ ನಂದಮ್ಮ," ಎಂದರು. "ಹುಟ್ಟಿದಾಗಿಂದ ನನ್ ಎಡಗಾಲು ಗಿಡ್ಡ. ನನ್ ಮಗ್ಳಿಗೆ ಏನೂ ಇಲ್ಲ. ಈ ಮನೇಗೆ ಹೇಳ್ದೆ ಬಂದೆ, ಇಷ್ಟು ದಿನ ಹೇಳ್ದೆ ಇದ್ದೆ. ಇವತ್ತು ನೋಡ್ಬಿಡಿ ಎಲ್ಲಾರೂ."

ಎದ್ದು ನಿಂತರು. ಸೀರೆಯ ಅಂಚನ್ನು ಕಾಲಿನ ಗಂಟಿನ ಮೇಲಕ್ಕೆ ಎತ್ತಿ ಹಿಡಿದರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಎಡ ಹಿಮ್ಮಡಿಯನ್ನು ನೆಲಕ್ಕೆ ಇಳಿಸಲು ಹೊರಟರು.

ಅದು ಇಳಿಯಲಿಲ್ಲ.

ನೆಲದಿಂದ ಒಂದು ಬೆರಳಿನ ಅಗಲ ಮೇಲೆ ಅದು ನಿಂತುಬಿಟ್ಟಿತು. ಅತ್ತಿಗೆ ಮೈಭಾರ ಬಿಟ್ಟರು. ಮೀನಖಂಡ ಬಿಗಿದು ನಡುಗಿತು, ಹಿಮ್ಮಡಿ ಅಲ್ಲೇ ಇತ್ತು. ಎರಡು ಹೆಜ್ಜೆ ನಡೆದು ನೋಡಿದರು. ಅದೇ ನಡೆ. ನೀರು ತುಂಬಿದ ಚೊಂಬು ಕೊಟ್ಟಿದ್ದರೆ ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಕುಂಟುತ್ತೇನೆಂದು ತೋರಿಸಲು ಎದ್ದು ನಿಂತ ಹೆಂಗಸಿಗೆ ಕುಂಟಲು ಬರಲಿಲ್ಲ.

"ಇಳೀತಿಲ್ಲ," ಎಂದರು, ಯಾರಿಗೂ ಅಲ್ಲ, ಕಾಲಿಗೆ ಹೇಳುವವರಂತೆ.

ಅವ್ವ ಕಂಬಕ್ಕೆ ಒರಗಿ ಮತ್ತೆ ಕುಳಿತಿದ್ದಳು. "ಬಿಡಮ್ಮಿ, ಎಳೀಬ್ಯಾಡ," ಎಂದಳು. "ನಂಗೆ ಮೊದಲ್ನೇ ದಿನಾನೇ ಗೊತ್ತು."

ಅತ್ತಿಗೆ ತಿರುಗಿದರು.

"ಬಚ್ಚಲಿಂದ ಬಂದೆಯಲ್ಲ, ಒದ್ದೆ ಹೆಜ್ಜೆ ಬಿದ್ದಿದ್ವು. ಒಂದು ಪೂರ್ತಿ ಪಾದ, ಒಂದು ಬರೀ ಬೆರಳು. ನಾನು ಊರಿಗೆಲ್ಲಾ ಹೊಗಳ್ಕಂಡ್ ಬಂದ್ಬುಟ್ಟಿದ್ದೆ, ನನ್ ಸೊಸೆ ನಡೆ ಅಂಗೆ ಹಿಂಗೆ ಅಂತ. ಇನ್ನೇನ್ ಮಾಡ್ಲಿ? ಯಾರಾದ್ರೂ ನೋಡ್ಯಾರು ಅಂತ ಒರೆಸ್ದೆ."

"ಮತ್ತೆ ನಂಗ್ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಹೇಳ್ಲಿಲ್ವಲ್ಲ."

ಪತ್ರಿಕೆಯ ಹಿಂದಿನಿಂದ ನಮ್ಮಣ್ಣ, "ನಂಗೂ ಗೊತ್ತಿತ್ತು," ಎಂದ. ಪುಟ ಮಗುಚಿದ. ಅಷ್ಟು ವರ್ಷ ಆ ಗುಟ್ಟನ್ನು ಒಬ್ಬನೇ ಕಾಯುತ್ತಿದ್ದೇನೆಂದು ಎರಡು ರಾಜ್ಯ ಸುತ್ತಿ, ಮಾನ ಕಳೆದುಕೊಂಡು ಬಂದವನು ನಾನು. ನನ್ನ ಕಡೆ ಯಾರೂ ನೋಡಲಿಲ್ಲ.

ಹುಡುಗನ ತಾಯಿಯ ಕಾಫಿ ಆರಿಹೋಗಿತ್ತು. ಅವರು ಲೋಟ ಕೆಳಗಿಟ್ಟರು. ಆಮೇಲೆ, "ನಮ್ ಹುಡುಗಂಗೆ ಬಲಗಿವಿ ಕೇಳ್ಸಲ್ಲ," ಎಂದರು. "ಎಡಗಿವಿ ನಿಮ್ ಕಡೆ ಇರ್ಲಿ ಅಂತ ಆ ಮೂಲೆಯಾಗೆ ಕೂರಿಸ್ದೆ."

ಹುಡುಗ ಕಿಟಕಿಯ ಕಡೆಯಿಂದ, "ಏನಮ್ಮಾ?" ಎಂದ.

ಹೀಗೆ ಎರಡು ಮನೆಗಳೂ ಒಬ್ಬರ ಗುಟ್ಟು ಒಬ್ಬರ ಕೈಗೆ ಕೊಟ್ಟು ಸಿಕ್ಕಿಹಾಕಿಕೊಂಡವು. ಮದುವೆ ಮಾಡುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. ಮದುವೆ ಹಿಂದೂಪುರದಲ್ಲೇ ಆಯಿತು. ನಮ್ಮ ಹುಡುಗಿ ಗಂಡನ ಎಡಗಡೆಯಲ್ಲಿ ನಡೆಯುತ್ತಾಳೆ. ಬೈಯಬೇಕಾದಾಗ ಮಾತ್ರ ಬಲಗಡೆಗೆ ಹೋಗುತ್ತಾಳಂತೆ.

ಗುಟ್ಟು ಹೋದ ಮೇಲೆ ಅತ್ತಿಗೆ ಚಪ್ಪಟೆ ಚಪ್ಪಲಿ ತರಿಸಿದರು. ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಮೀನಖಂಡ ಹಿಡಿದುಕೊಂಡು ವಾಪಸು ಬಂದರು. ಅನಂತಪುರದ ಡಾಕ್ಟರು ಕಾಲು ಮುಟ್ಟಿ ನೋಡಿ, ಹಿಮ್ಮಡಿ ಎತ್ತಿಯೇ ನಡೆದು ನಡೆದು ಹಿಂದಿನ ನರ ಗಿಡ್ಡವಾಗಿದೆ, ಈ ವಯಸ್ಸಿನಲ್ಲಿ ಅದನ್ನು ಎಳೆಯುವುದು ಬೇಡ, ಹೀಲ್ಸೇ ಹಾಕಿಕೊಳ್ಳಿ ಎಂದರಂತೆ. ಬಸ್ಸಿಳಿದು ಮನೆಗೆ ಬಂದ ಅತ್ತಿಗೆ ನನಗೆ ಚೀಟಿ ತೋರಿಸಿದರು.

"ನೋಡಿ ಮರಿದಿಗಾರೂ, ಸುಳ್ ಹೇಳು ಅಂತ ಡಾಕ್ಟ್ರೇ ಬರ್ದು ಕೊಟ್ಟವ್ರೆ."

ಸೆರೆಯ ಬಾಗಿಲು ತೆರೆದ ಮೇಲೂ ಅವರು ಒಳಗೇ ಉಳಿದರು. ನಾನು ಮತ್ತೆ ಚೀಲ ಹಿಡಿದು ಹಿಂದೂಪುರದ ಬಸ್ಸು ಹತ್ತಿದೆ. ಈ ಸಲ ಚಪ್ಪಲಿಯನ್ನು ಅಡಗಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ನನಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿ ಬಂತು, ಎಡಗಾಲು ಬರಲಿಲ್ಲ. ಗೋಣಿಚೀಲದಂತೆ ಅದನ್ನು ಎಳೆದುಕೊಂಡು ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ ಹೋಗುವುದು, ಅಷ್ಟಕ್ಕೇ ಲೋಕ ಮುಗಿದಿತ್ತು. ಒಂದು ದಿನ ಅತ್ತಿಗೆ ನನ್ನ ಚಪ್ಪಲಿ ತಂದು ಮುಖದ ಮುಂದೆ ಹಿಡಿದರು. ಎಡಗಾಲಿನ ಮೂತಿ ತರಚಿ ದಾರ ಕಿತ್ತುಬಂದಿತ್ತು.

"ಏಳಿ."

"ಆಗಲ್ಲ ಅತ್ತಿಗೆ. ಕಾಲು ಸತ್ತೋಗಿದೆ."

"ಕಾಲು ಸತ್ತಿಲ್ಲ, ನಡೆಯೋದು ಮರ್ತೈತೆ. ನೀವೆಲ್ಲಾ ಪುಕ್ಕಟೆ ನಡೆದೋರು, ಯಾವ್ ಹೆಜ್ಜೆ ಎಲ್ಲಿ ಬಿತ್ತು ಅಂತ ನೋಡ್ದೋರಲ್ಲ. ನಾನು ಒಂದೊಂದು ಹೆಜ್ಜೇನೂ ಇಟ್ಟು ನಡೆದಿದೀನಿ. ನಾನ್ ಹೇಳ್ದಂಗೆ ಕೇಳಿ."

ಕೇಳಿದೆ. ಮಾಳಿಗೆಯ ಮೇಲೆ, ಮದುವಣಗಿತ್ತಿಯರು ನಡೆದ ಜಾಗದಲ್ಲಿ, ಅರವತ್ತು ದಾಟಿದ ಬ್ರಹ್ಮಚಾರಿ ನಡೆ ಕಲಿತ. ಹಿಮ್ಮಡಿ, ಆಮೇಲೆ ಬೆರಳು. ಎತ್ತಬೇಕು, ಎಳೆಯಬಾರದು. ತಿರುಗುವಾಗ ಎರಡು ಸಣ್ಣ ಹೆಜ್ಜೆ. ಅವರು ಮುಂದೆ ಟಕ್ ಟಕ್ ಎಂದು ಹಿಮ್ಮುಖವಾಗಿ ನಡೆಯುತ್ತಿದ್ದರು, ಆ ಸದ್ದಿಗೆ ನಾನು ಕಾಲಿಡಬೇಕು. ಆಗಾಗ ಚಪ್ಪಲಿ ಬಿಚ್ಚಿಸಿ ಅಟ್ಟೆ ತಿರುವಿ ನೋಡುತ್ತಿದ್ದರು. ಒಂದು ದಿನ ಹೊಸ ಜೊತೆಯ ಎಡದ ಅಟ್ಟೆಯ ಮೇಲೆ ಬೆರಳಾಡಿಸಿ, "ಹಿಂದ್ಗಡೆ ಹೊರಮಗ್ಗುಲು. ನ್ಯಾಯವಾಗಿ ಸವೀತೈತೆ," ಎಂದರು. ನನ್ನ ಬದುಕಿನಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಅತ್ತಿಗೆ ಹೋದದ್ದು ಹೋದ ಮಾಘದಲ್ಲಿ, ಎದೆನೋವಿಂದ, ಯಾರಿಗೂ ತೊಂದರೆ ಕೊಡದೆ. ನಡುಮನೆಯಲ್ಲಿ ಮಲಗಿಸಿದ್ದರು. ಶಾಸ್ತ್ರದ ಪ್ರಕಾರ ಹೆಬ್ಬೆರಳುಗಳೆರಡನ್ನೂ ಸೇರಿಸಿ ದಾರ ಕಟ್ಟಬೇಕು. ಕಟ್ಟಲು ಬಂದವನು ಪಾದಗಳನ್ನು ಜೋಡಿಸಿ ನೋಡಿದ; ಹೆಬ್ಬೆರಳು ಹೆಬ್ಬೆರಳಿಗೆ ಸರಿಹೊಂದಲಿಲ್ಲ. ಎಡಗಾಲನ್ನು ಸ್ವಲ್ಪ ಎಳೆದ. ಕಂಬದ ಹತ್ತಿರ ಕುಳಿತಿದ್ದ ಅವ್ವ ಕೈಯೆತ್ತಿದಳು.

"ಎಳೀಬ್ಯಾಡ ಕಣಪ್ಪ. ಅದು ಅಲ್ಲೀಗಂಟ್ಲೇ ಬರೋದು."

ಅವನು ಅಲ್ಲಿಗೇ ಕಟ್ಟಿದ. ಅವ್ವ ಜರುಗಿಕೊಂಡು ಬಂದು ಹೊದಿಕೆಯನ್ನು ಪಾದಗಳ ಮೇಲೆ ಎಳೆದಳು.

ಅಣ್ಣನ ಪತ್ರಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈಗ ಮನೆಯಲ್ಲಿ ನಾವು ಮೂವರು: ಅವ್ವ, ಅಣ್ಣ, ನಾನು. ಒರೆಸುಬಟ್ಟೆ ಇನ್ನೂ ಬಚ್ಚಲ ಬಾಗಿಲ ಮೊಳೆಯಲ್ಲೇ ತೂಗುತ್ತಿದೆ. ಮೊನ್ನೆ ನಾನು ಸ್ನಾನ ಮುಗಿಸಿ ಗೋಡೆ ಹಿಡಿಯದೆ ಕೋಣೆಯವರೆಗೆ ಬಂದೆ. ಹಿಂದೆ ಅವ್ವ ಏಳುವ ಸದ್ದಾಯಿತು. ಅವಳು ಮೊಳೆಯಿಂದ ಬಟ್ಟೆ ತೆಗೆದುಕೊಂಡು, ಬಗ್ಗಿ, ಕರಿ ಕಲ್ಲಿನ ಮೇಲೆ ಬಿದ್ದಿದ್ದ ನನ್ನ ಒದ್ದೆ ಹೆಜ್ಜೆಗಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಎರಡೂ ಪೂರ್ತಿ ಬಿದ್ದವೆ ಕಣ್ಲಾ," ಎಂದಳು.

ಬಟ್ಟೆಯನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಹೆಜ್ಜೆಗಳು ತಾವಾಗಿಯೇ ಆರುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.